ಅಂಬೆಗಾಲಿನ ಹೊತ್ತಿಗೆ

ರಾಮದೇವರ ಬೆಟ್ಟದ ಮೆಟ್ಟಿಲುಗಳಲ್ಲಿ ಅರ್ಧ ಹತ್ತಿದ ಮೇಲೆ ಡಾಕ್ಟ್ರು ನಿಂತು ಎದುರಿನ ಬಂಡೆ ತೋರಿಸಿದರು. ಕಡಿದಾದ ಬಂಡೆಯ ಮೈಮೇಲೆ ಸುಣ್ಣ ಸುರಿದಂತೆ ಬಿಳಿ ಗೆರೆಗಳು. ರಣಹದ್ದುಗಳು ತಲೆಮಾರುಗಳಿಂದ ಕೂತು ಹಿಕ್ಕೆ ಹಾಕಿದ ಗುರುತು. ‘ಶೋಲೆ’ಯ ಗಬ್ಬರ್ ಸಿಂಗ್ ಓಡಾಡಿದ ಬಂಡೆಗಳೆಂದು ನೋಡಲು ಬರುವವರೇ ಇಲ್ಲಿ ಹೆಚ್ಚು. ಆದರೆ 2012ರಲ್ಲಿ ಈ ಬೆಟ್ಟ ರಣಹದ್ದುಗಳ ಧಾಮವೂ ಆಯಿತು ಎಂಬುದನ್ನು ಬಹಳ ಮಂದಿ ಮರೆತಿದ್ದಾರೆ. ಬೆಳಗಿನ ಬಿಸಿಲಿಗೆ ರೆಕ್ಕೆ ಚಾಚಿ ತೇಲುತ್ತಿದ್ದ ಹಕ್ಕಿಯೊಂದನ್ನು ನೋಡುತ್ತಾ ಡಾಕ್ಟ್ರು ಅಂದರು: “ಅದರ ಮೈ ನಮ್ಮದಕ್ಕಿಂತ ಬಿಸಿ, ನಲವತ್ತು ಡಿಗ್ರಿ ಆಸುಪಾಸು. ಗಂಡು ಹಕ್ಕಿಯ ಬೀಜ ಬೆನ್ನಿನ ಒಳಗೆ, ಮೂತ್ರಪಿಂಡದ ಪಕ್ಕದಲ್ಲೇ ಇರುತ್ತೆ. ಆ ಕಾವಿನಲ್ಲೇ ಕೆಲಸ ಮಾಡುತ್ತೆ. ನಮ್ಮ ಗಂಡುಮಕ್ಕಳ ಬೀಜಕ್ಕೆ ಅದು ಆಗಲ್ಲ ನೋಡಿ. ಅದು ಹೊರಗಡೆ ತಂಪಿಗೆ ಇಳಿದು ಬರಬೇಕು.”

ಬೆಟ್ಟ ಹತ್ತುವಾಗ ಇಂಥ ಮಾತು ಆಡುವವರು ಮಕ್ಕಳ ಶಸ್ತ್ರವೈದ್ಯರೇ ಇರಬೇಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಮಕ್ಕಳನ್ನು ನೋಡಲು ಹೊರಟಿದ್ದ ಅವರ ಕಾರಿನಲ್ಲಿ ಖಾಲಿ ಇದ್ದ ಸೀಟು ನನ್ನದಾಯಿತು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆ ಎನಿಸಿಕೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ಸೀಮೆ ಇದು. ನಾನು ಬಂಡೆ, ರೇಷ್ಮೆ, ಗೊಂಬೆ ನೋಡಲು ಹೊರಟವನು. ನೋಡಿದ್ದರಲ್ಲಿ ಬೆರಗು ಹುಟ್ಟಿಸಿದ್ದು ಮಾತ್ರ ಕಣ್ಣಿಗೆ ಕಾಣದ ಒಂದು ದಾರಿ, ಕಿಡ್ನಿಯ ಬುಡದಿಂದ ತೊಡೆಯ ನಡುವಿನ ಚೀಲದವರೆಗಿನದು.

ಆ ದಾರಿಯನ್ನು ಡಾಕ್ಟ್ರು ಮೆಟ್ಟಿಲ ಮೇಲೆ ಕೂತೇ ಹೇಳಿದರು. ಬಸುರಿಗೆ ಏಳೆಂಟು ವಾರವಾದಾಗ ಗಂಡು ಕೂಸಿನ ಬೀಜ ರೂಪುಗೊಳ್ಳುವುದು ಬೆನ್ನಿನ ಒಳಗೋಡೆಗೆ ಅಂಟಿಕೊಂಡು, ಮೂತ್ರಪಿಂಡದ ಹತ್ತಿರ. ಹದಿನೈದನೇ ವಾರದ ಸುಮಾರಿಗೆ ಅದು ಕಿಬ್ಬೊಟ್ಟೆಯ ಒಳಬಾಗಿಲಿಗೆ ಬಂದು ನಿಲ್ಲುತ್ತದೆ. ಅಲ್ಲಿ ಎರಡು ತಿಂಗಳಿಗೂ ಮೀರಿದ ಬಿಡಾರ. 25ನೇ ವಾರದ ನಂತರ ಮತ್ತೆ ಹೊರಟು, ತೊಡೆಸಂದಿನ ಕಾಲುವೆ ದಾಟಿ, 35ನೇ ವಾರದ ಹೊತ್ತಿಗೆ ಚೀಲ ಸೇರುತ್ತದೆ. ಮೊದಲ ಹಂತಕ್ಕೆ ಬೀಜವೇ ಸ್ರವಿಸುವ ಐಎನ್‌ಎಸ್‌ಎಲ್3 ಎಂಬ ಹಾರ್ಮೋನು ಬೇಕು, ಎರಡನೆಯದಕ್ಕೆ ಟೆಸ್ಟೋಸ್ಟೆರಾನ್. ಮುಂದೆ ಮುಂದೆ ದಾರಿ ಮಾಡಿಕೊಂಡು ಹೋಗುವ ಅಂಟುಅಂಟಾದ ಒಂದು ನಾರುಹಗ್ಗವೂ ಇದೆ. ಲಂಡನ್ನಿನ ಅಂಗರಚನಾ ಶಾಸ್ತ್ರಜ್ಞ ಜಾನ್ ಹಂಟರ್ 1762ರಲ್ಲೇ ಅದನ್ನು ವಿವರಿಸಿದ್ದ. ಈ ಪಯಣಕ್ಕೆ ಸಾಕ್ಷಿ ಬೇಕೆಂದರೆ ದೊಡ್ಡ ಗಂಡಸಿನ ಮೈಯಲ್ಲೂ ಸಿಗುತ್ತದೆ. ಬೀಜಕ್ಕೆ ನೆತ್ತರು ಬರುವುದು ಪಕ್ಕದ ತೊಡೆಯ ರಕ್ತನಾಳದಿಂದಲ್ಲ. ಮೂತ್ರಪಿಂಡಗಳ ಮಟ್ಟದಲ್ಲಿ ಮಹಾಧಮನಿಯಿಂದ ಕವಲೊಡೆದ ಎಳೆಯೊಂದು ಹೊಟ್ಟೆಯ ಉದ್ದಕ್ಕೂ ಇಳಿದು ಬರುತ್ತದೆ. ಹುಟ್ಟಿದ ಜಾಗದಲ್ಲಿ ಸಿಕ್ಕ ನೀರಿನ ಸಂಪರ್ಕವನ್ನು ಕಡಿಯದೆ ಉದ್ದ ಎಳೆದುಕೊಂಡೇ ಬಂದಿದೆ!

ಈ ದಾರಿ ಎಲ್ಲರಲ್ಲೂ ಮುಗಿಯುವುದಿಲ್ಲ. ತಿಂಗಳು ತುಂಬಿ ಹುಟ್ಟಿದ ಗಂಡುಮಕ್ಕಳಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಮಂದಿಗೆ ಒಂದಾದರೂ ಬೀಜ ಚೀಲದಲ್ಲಿ ಇರುವುದಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದವರಲ್ಲಿ ನೂರಕ್ಕೆ ಮೂವತ್ತರ ತನಕ. ಬಹುಪಾಲು ಮಕ್ಕಳಲ್ಲಿ ಮೊದಲ ಮೂರು ತಿಂಗಳಲ್ಲಿ ತಾನಾಗಿ ಇಳಿದುಬಿಡುತ್ತದೆ. ಮೊದಲ ಹುಟ್ಟುಹಬ್ಬದ ಹೊತ್ತಿಗೆ ಉಳಿಯುವುದು ನೂರಕ್ಕೆ ಒಬ್ಬ. ಆರು ತಿಂಗಳಾದ ಮೇಲೂ ಇಳಿಯದ್ದು ಆಮೇಲೆ ಇಳಿಯುವುದು ಅಪರೂಪ. ಈ ಕೊನೆಯ ಮಾತನ್ನು ಡಾಕ್ಟ್ರು ಪ್ರವಾಸದುದ್ದಕ್ಕೂ ಹೇಳುತ್ತಲೇ ಇದ್ದರು, ಕೇಳುವವರು ಬದಲಾಗುತ್ತಿದ್ದರು.

ರಾಮನಗರದಲ್ಲಿ ಮೊದಲು ಕೇಳಿದವನು ರೇಷ್ಮೆ ಬಿಚ್ಚುವ ಫಿಲೇಚರಿನಲ್ಲಿ ದುಡಿಯುವ ತಂದೆ. ಏಷ್ಯಾದಲ್ಲೇ ದೊಡ್ಡದೆನ್ನುವ ಗೂಡಿನ ಮಾರುಕಟ್ಟೆಯ ವಾಸನೆ ಅವನ ಅಂಗಿಯಲ್ಲಿತ್ತು, ಕೈಯಲ್ಲಿ ಸ್ಕ್ಯಾನ್ ರಿಪೋರ್ಟುಗಳ ಕಟ್ಟು. ಮಗುವಿಗೆ ಒಂದೂವರೆ ವರ್ಷ. ಒಂದು ರಿಪೋರ್ಟಿನಲ್ಲಿ ಬಲಬೀಜ ಇಲ್ಲ, ಇನ್ನೊಂದರಲ್ಲಿ ಇದೆ. ಡಾಕ್ಟ್ರು ಕಟ್ಟನ್ನು ಬಿಚ್ಚಲೇ ಇಲ್ಲ. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡರು, ಫ್ಯಾನ್ ನಿಲ್ಲಿಸಲು ಹೇಳಿದರು, ಮಗುವನ್ನು ತಾಯಿಯ ಮಡಿಲಲ್ಲಿ ಚಕ್ಕಳಮಕ್ಕಳ ಕೂರಿಸಿ, ಬೆರಳಿಗೆ ಸೋಪುನೀರು ಹಚ್ಚಿಕೊಂಡು ಸೊಂಟದ ಮೂಳೆಯಿಂದ ತೊಡೆಸಂದಿನ ಗುಂಟ ಕೆಳಕ್ಕೆ ನೇವರಿಸುತ್ತಾ ಬಂದರು. ಚೀಲದ ಬಾಯಿಗೆ ಬಂದ ಬೀಜವನ್ನು ಇನ್ನೊಂದು ಕೈಯ ಬೆರಳಲ್ಲಿ ಹಿಡಿದು, ಕೆಳಗಿಟ್ಟು, ಬಿಟ್ಟರು. ಅದು ಅಲ್ಲೇ ಕೂತಿತು.

“ಇದು ಇಳಿಯದ ಬೀಜ ಅಲ್ಲಪ್ಪ. ಚಳಿಗೆ, ಹೆದರಿಕೆಗೆ ಮೇಲಕ್ಕೆ ಓಡಿಹೋಗೋ ಬೀಜ. ಆಪರೇಷನ್ ಬೇಡ. ವರ್ಷಕ್ಕೊಂದು ಸಾರಿ ತೋರಿಸ್ತಾ ಇರು, ದೊಡ್ಡವನಾಗೋ ತನಕ.”

ಎ.ಸಿ. ಕೋಣೆಯಲ್ಲಿ, ತಣ್ಣಗಿನ ಜೆಲ್ ಹಚ್ಚಿಸಿಕೊಂಡು ಅಳುವ ಮಗುವಿನಲ್ಲಿ ಅದು ಮೇಲಕ್ಕೆ ಓಡದೆ ಇನ್ನೇನು ಮಾಡೀತು? ಅಮೆರಿಕದ ಮೂತ್ರರೋಗ ತಜ್ಞರ ಸಂಘ 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯೇ ಇಂಥ ಮಕ್ಕಳಿಗೆ ಸ್ಕ್ಯಾನ್ ಮಾಡಿಸಿ ಕಾಯಿಸಬೇಡಿ, ನೇರ ಶಸ್ತ್ರವೈದ್ಯರ ಹತ್ತಿರ ಕಳಿಸಿ ಎನ್ನುತ್ತದೆ. “ಸ್ಕ್ಯಾನಿನಲ್ಲಿ ಕಾಣಲಿಲ್ಲ ಅಂದರೆ ಬೀಜ ಇಲ್ಲ ಅಂತಲ್ಲ. ಕಂಡಿತು ಅಂದರೂ ನಾನು ಮಾಡೋ ಕೆಲಸ ಬದಲಾಗಲ್ಲ. ಮತ್ಯಾಕೆ ದುಡ್ಡು?” ಎಂದು ಡಾಕ್ಟ್ರು ಕೇಳಿದ್ದು ನನ್ನನ್ನು. ನನ್ನ ಹತ್ತಿರ ಉತ್ತರವಿರಲಿಲ್ಲ. ಬಡವರ ಜೇಬಿನಿಂದ ಹೀಗೆ ಸುಮ್ಮನೆ ಸೋರುವ ದುಡ್ಡಿನ ಬಗ್ಗೆ ನನಗೆ ಸಿಟ್ಟು ಬಂತು ಎಂದಷ್ಟೇ ಹೇಳಬಲ್ಲೆ.

ಒಂದು ವಿಷಯದಲ್ಲಿ ಮಾತ್ರ ಅವರು ಆರು ತಿಂಗಳು ಕಾಯಲು ಬಿಡುವುದಿಲ್ಲ. ಹುಟ್ಟಿದ ಕೂಸಿಗೆ ಎರಡೂ ಕಡೆ ಬೀಜ ಕೈಗೆ ಸಿಗದಿದ್ದರೆ, ಅಥವಾ ಬೀಜ ಇಳಿಯದಿರುವುದರ ಜೊತೆಗೆ ಮೂತ್ರದ ರಂಧ್ರವೂ ತುದಿಯಲ್ಲಿ ಇಲ್ಲದಿದ್ದರೆ, ತಡಮಾಡದೆ ಪರೀಕ್ಷೆಗಳಾಗಬೇಕು. ಅಡ್ರಿನಲ್ ಗ್ರಂಥಿಯ ಹುಟ್ಟುದೋಷದಿಂದ ಹೊರನೋಟಕ್ಕೆ ಗಂಡಿನಂತೆ ಕಾಣುವ ಹೆಣ್ಣುಮಗುವೂ ಅದಾಗಿರಬಹುದು. ಮೈಯ ಉಪ್ಪು ಸೋರಿಹೋಗಿ ಕೆಲವೇ ವಾರಗಳಲ್ಲಿ ಅದರ ಜೀವಕ್ಕೆ ಕುತ್ತು ಬರಬಹುದು.

ಚನ್ನಪಟ್ಟಣದಲ್ಲಿ ಡಾಕ್ಟ್ರು ಮೊದಲು ಮಾಡಿದ ಕೆಲಸ ಗೊಂಬೆ ಕೊಂಡದ್ದು. ಹಾಲೆಮರದ ತುಂಡು ಪಟ್ಟಡೆಯಲ್ಲಿ ಗಿರ್ರನೆ ತಿರುಗುತ್ತಿತ್ತು. ಕುಶಲಕರ್ಮಿ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದ್ದೇ ತಡ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರದ ಮೈಗೆ ಹತ್ತಿಕೊಂಡಿತು. ಮೇಲೆ ಕೇದಗೆ ಗರಿ ಹಿಡಿದು ಉಜ್ಜಿದ, ಹೊಳಪು ಬಂತು. ಗಿಲಕಿ, ಬುಗುರಿ, ಸರಪಳಿ ರೈಲು. ಇವೆಲ್ಲ ಅಲಂಕಾರಕ್ಕಲ್ಲ, ಅವರ ಚೀಲದಲ್ಲಿ ಸ್ಟೆತಾಸ್ಕೋಪಿನಷ್ಟೇ ಮುಖ್ಯ. ಮಗುವಿನ ಗಮನ ಗಿಲಕಿಯ ಮೇಲೆ ನೆಟ್ಟಾಗ ಹೊಟ್ಟೆಯ ಬಿಗಿ ಸಡಿಲವಾಗುತ್ತದೆ, ಬೀಜವನ್ನು ಮೇಲೆಳೆಯುವ ಸ್ನಾಯುವೂ ಸಡಿಲವಾಗುತ್ತದೆ. ಬೆರಳಿಗೆ ಬೇಕಾದ್ದು ಆ ಅರೆನಿಮಿಷ.

ಊರು ದಾಟಿ ಮೈಸೂರು ದಿಕ್ಕಿಗೆ ಸ್ವಲ್ಪ ಹೋದರೆ ದೊಡ್ಡಮಳೂರು. ಅಪ್ರಮೇಯ ಸ್ವಾಮಿಯ ಗುಡಿಯೊಳಗೆ ಅಂಬೆಗಾಲಿಕ್ಕುವ ನವನೀತ ಕೃಷ್ಣ, ಒಂದು ಕೈಯಲ್ಲಿ ಬೆಣ್ಣೆ. ಪುರಂದರದಾಸರು ‘ಜಗದೋದ್ಧಾರನ’ ರಚಿಸಿದ್ದು ಈ ಮೂರ್ತಿಯ ಎದುರಿನಲ್ಲೇ ಎಂಬ ಪ್ರತೀತಿ ಇದೆ. ಮಕ್ಕಳಿಲ್ಲದ ದಂಪತಿಗಳು ದೂರದೂರದಿಂದ ಬಂದು ಹರಕೆ ಹೊರುತ್ತಾರೆ, ಪುಟ್ಟ ತೊಟ್ಟಿಲು ಒಪ್ಪಿಸುತ್ತಾರೆ. ಕೃಷ್ಣನ ಮೊಣಕಾಲಿನ ಮಡಿಕೆ, ಎತ್ತಿದ ಮುಖ, ಕೊಬ್ಬಿದ ಕೆನ್ನೆ ನೋಡುತ್ತಾ ನಿಂತ ನನಗೆ ಡಾಕ್ಟ್ರು ಮೆಲ್ಲಗೆ ಅಂದರು: “ವಯಸ್ಸೆಷ್ಟು ಹೇಳಿ ನೋಡೋಣ?” ಎಂಟೋ ಹತ್ತೋ ತಿಂಗಳು ಇರಬೇಕು ಎಂದೆ. “ಸರಿಯಾಗಿ ಇದೇ ವಯಸ್ಸು. ಆರು ತಿಂಗಳು ತುಂಬಿದ ಮೇಲೆ, ಒಂದು ವರ್ಷದ ಒಳಗೆ. ತೀರಾ ಅಂದರೆ ಒಂದೂವರೆ ವರ್ಷ. ಅಷ್ಟರಲ್ಲಿ ಬೀಜ ಕೆಳಗೆ ತಂದು ಕೂರಿಸಬೇಕು.”

ಹೊರಗೆ ಜಗಲಿಯಲ್ಲಿ ಕೂತು ಅವರು ಹೇಳಿದ ಮಾತು ಇಡೀ ಪ್ರವಾಸದಲ್ಲಿ ನನ್ನನ್ನು ಹೆಚ್ಚು ಕಲಕಿತು. ಹೊಟ್ಟೆಯ ಒಳಗೆ 37 ಡಿಗ್ರಿ. ಚೀಲದಲ್ಲಿ ಅದಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ಕಡಿಮೆ. ಮುಂದೆ ವೀರ್ಯಾಣುಗಳಾಗಬೇಕಾದ ಮೂಲಕೋಶಗಳು ಮಗುವಿನ ಮೊದಲ ವರ್ಷದಲ್ಲೇ ಒಂದು ಮುಖ್ಯ ರೂಪಾಂತರ ಹೊಂದುತ್ತವೆ. ಕಾವು ಹೆಚ್ಚಿದ್ದಲ್ಲಿ ಆ ರೂಪಾಂತರ ಕುಂಟುತ್ತದೆ, ಕೋಶಗಳ ಸಂಖ್ಯೆ ಇಳಿಯುತ್ತಾ ಹೋಗುತ್ತದೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ, ಬಾಲ್ಯದಲ್ಲಿ ಈ ಶಸ್ತ್ರಚಿಕಿತ್ಸೆಯಾದವರನ್ನು ದೊಡ್ಡವರಾದ ಮೇಲೆ ವಿಚಾರಿಸಿದರು. ಒಂದೇ ಕಡೆಯ ತೊಂದರೆ ಇದ್ದವರಲ್ಲಿ, ಮಕ್ಕಳು ಬೇಕೆಂದು ಪ್ರಯತ್ನಿಸಿದ ನೂರಕ್ಕೆ ಸುಮಾರು ತೊಂಬತ್ತು ಮಂದಿ ತಂದೆಯಾಗಿದ್ದರು. ಉಳಿದ ಗಂಡಸರಿಗೂ ಅವರಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಎರಡೂ ಕಡೆ ಇಳಿಯದಿದ್ದವರಲ್ಲಿ ಆ ಸಂಖ್ಯೆ ಅರವತ್ತೈದರ ಸುಮಾರಿಗೆ ಇಳಿದಿತ್ತು. “ಈ ತೊಟ್ಟಿಲ ಹರಕೆ ಹೊತ್ತವರಲ್ಲಿ ಹೆಂಡತಿಯನ್ನ ಮಾತ್ರ ಪರೀಕ್ಷೆ ಮಾಡಿಸ್ತಾರೆ,” ಎಂದರು ಡಾಕ್ಟ್ರು. “ಗಂಡನನ್ನ ಅಂಬೆಗಾಲಿಡೋ ವಯಸ್ಸಿನಲ್ಲಿ ಯಾರಾದರೂ ಒಂದು ಸಲ ಮುಟ್ಟಿ ನೋಡಿದ್ದರೆ, ಕೆಲವರಿಗಾದರೂ ಈ ಹರಕೆ ಬೇಕಾಗ್ತಾ ಇರಲಿಲ್ಲ.”

ಚನ್ನಪಟ್ಟಣದಿಂದ ಸಾತನೂರಿಗೆ ಹೋಗುವ ರಸ್ತೆಯಲ್ಲಿ ಎಡಬಲಕ್ಕೆ ರಾಗಿ, ಹಿಪ್ಪುನೇರಳೆ, ಮಾವಿನ ತೋಪು, ನಡುನಡುವೆ ನೆಲದಿಂದ ಎದ್ದುಬಂದ ಬೋಳುಗುಡ್ಡ. ಕಬ್ಬಾಳಮ್ಮನ ದುರ್ಗ ಕಾಣುವ ಕಡೆ ಚಹಾಕ್ಕೆ ನಿಂತೆವು. ಅಂಗಡಿಯಲ್ಲಿ ಆನೆಯದೇ ಮಾತು. ಕಾವೇರಿ ವನ್ಯಧಾಮದ ಕಡೆಯಿಂದ ಬಂದ ಹಿಂಡು ರಾಗಿ ತುಳಿದಿತ್ತು. ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು ಪಟಾಕಿ ಹೊಡೆದು ಕಣ್ಣು ಕೆಂಪಗಾದ ರೈತರು. ಬಂದಿದ್ದರಲ್ಲಿ ಕೋರೆಯಿಲ್ಲದ ಒಂದು ದೊಡ್ಡ ಆನೆ ಗಂಡೋ ಹೆಣ್ಣೋ ಎಂದು ಅವರಲ್ಲಿ ತಕರಾರು.

ಡಾಕ್ಟ್ರು ಸುಮ್ಮನಿರದೆ ಬಾಯಿ ಹಾಕಿದರು: “ಹೋರಿ ತರ ಕೆಳಗೆ ನೋಡಿ ಹೇಳೋಕೆ ಆಗಲ್ಲ ಕಣಣ್ಣ. ಗಂಡಾನೆಗೆ ಬೀಜ ಹೊಟ್ಟೆ ಒಳಗೇ ಇರುತ್ತೆ, ಸಾಯೋವರೆಗೂ. ಮೂತ್ರಪಿಂಡದ ಪಕ್ಕ.”

ಅಂಗಡಿ ಒಂದು ಗಳಿಗೆ ಮೌನ. ಆಮೇಲೆ ಮುದುಕರೊಬ್ಬರು, “ಅಂಗಾರೆ ಆನೆಗೆ ಅಂಡವಾಯು ಬರಾಕಿಲ್ಲ ಅನ್ನವ್ವ!” ಎಂದರು.

ಡಾಕ್ಟ್ರು ಬಿದ್ದು ಬಿದ್ದು ನಕ್ಕರು, ಆದರೆ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಬೀಜ ಇಳಿಯುವಾಗ ಹೊಟ್ಟೆಯ ಒಳಪದರವೂ ಒಂದು ಸಣ್ಣ ಚೀಲವಾಗಿ ಜೊತೆಗೆ ಇಳಿಯುತ್ತದೆ, ಆಮೇಲೆ ಮುಚ್ಚಿಕೊಳ್ಳುತ್ತದೆ. ಮುಚ್ಚದೆ ಉಳಿದರೆ ಅದೇ ದಾರಿಯಲ್ಲಿ ಕರುಳು ಜಾರುತ್ತದೆ. ಬೀಜ ಇಳಿಯದ ಮಕ್ಕಳಲ್ಲಿ ಆ ಚೀಲ ತೆರೆದೇ ಇರುವುದು ಹೆಚ್ಚು. ಬೀಜವನ್ನು ಹೊರಗೆ ಕಳಿಸಿದ್ದಕ್ಕೆ ಮನುಷ್ಯನ ಮೈ ತೆತ್ತ ಬೆಲೆ ಅದು. ಆನೆಯ ಬಳಗ ಈ ಬೆಲೆ ತೆರುವುದನ್ನು ನಡುವೆ ಎಲ್ಲೋ ನಿಲ್ಲಿಸಿತು. 2018ರಲ್ಲಿ ಜರ್ಮನಿಯ ವಿಜ್ಞಾನಿಗಳು ಆನೆಯ ದೂರದ ನೆಂಟರಾದ ಕಡಲಹಸು ಮನಾಟಿ ಮುಂತಾದ ಪ್ರಾಣಿಗಳ ಡಿಎನ್‌ಎ ಓದಿದರು. ಬೀಜ ಇಳಿಸುವ ಹಾರ್ಮೋನಿಗೆ ಸಂಬಂಧಿಸಿದ ಜೀನ್‌ಗಳು ಅಲ್ಲಿ ಕೆಟ್ಟು ಕೂತಿದ್ದವು. ಅಂದರೆ ಅವುಗಳ ಪೂರ್ವಜರಲ್ಲಿ ಬೀಜ ಇಳಿಯುತ್ತಿತ್ತು, ಇವು ಮತ್ತೆ ಒಳಗೇ ಇಟ್ಟುಕೊಂಡವು. ಆನೆಗೆ ಅದು ಸರಿಹೋಯಿತು, ನಮಗೆ ಸರಿಹೋಗುವುದಿಲ್ಲ. ಚಹಾದ ಲೋಟ ಕೆಳಗಿಡುವಾಗ ಮುದುಕರು ಇನ್ನೂ ಕಾಡಿನ ಕಡೆ ನೋಡುತ್ತಿದ್ದರು, ಬೆಳೆ ತುಳಿದ ಸಿಟ್ಟು ಸ್ವಲ್ಪ ಮರೆತಂತಿತ್ತು.

ಕನಕಪುರದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮ, ಮೇಕೆದಾಟು ನೋಡುವ ಆಸೆ ಇತ್ತು, ಆಗಲಿಲ್ಲ. ಅಲ್ಲಿ ನೋಡಿದ ಒಬ್ಬ ಹುಡುಗನ ನೆನಪೇ ಸಾಕು. ಮೀಸೆ ಚಿಗುರುತ್ತಿದ್ದ ವಯಸ್ಸು. ಹಾಸ್ಟೆಲಿನಲ್ಲಿ ಎಲ್ಲರೆದುರು ಸ್ನಾನ ಮಾಡಲು ನಾಚಿ, ಬೆಳಗ್ಗೆ ನಾಲ್ಕಕ್ಕೇ ಏಳುತ್ತಿದ್ದನಂತೆ. ತಾಯಿಗೆ ಗೊತ್ತಿತ್ತು. “ನಮ್ಮತ್ತೆ, ದೊಡ್ಡೋನಾದ್ ಮೇಲೆ ತಾನೇ ಇಳೀತದೆ ಅಂದ್ರು ಮೇಡಮ್ಮೋರೆ,” ಎಂದಳು. ತಂದೆಯ ಪ್ರಶ್ನೆ ಬೇರೆ: “ಒಂದ್ ಐತಲ್ಲ ಸಾಕಲ್ವಾ?”

ಮಗು ಪಡೆಯಲು ಒಂದು ಸಾಕು, ನಿಜ. ಆದರೆ ಒಳಗೆ ಉಳಿದದ್ದು ಸುಮ್ಮನೆ ಇರುವುದಿಲ್ಲ. ಸ್ವೀಡನ್ನಿನಲ್ಲಿ ಈ ಶಸ್ತ್ರಚಿಕಿತ್ಸೆಯಾದ 16,983 ಮಂದಿಯನ್ನು ಹಿಂಬಾಲಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಹದಿಮೂರು ವರ್ಷದ ಒಳಗೆ ಆಪರೇಷನ್ ಆದವರಿಗೆ ವೃಷಣದ ಕ್ಯಾನ್ಸರಿನ ಸಂಭವ ಉಳಿದವರ ಎರಡು ಪಟ್ಟಿಗಿಂತ ತುಸು ಹೆಚ್ಚು. ಹದಿಮೂರು ದಾಟಿದ ಮೇಲೆ ಆದವರಿಗೆ ಐದು ಪಟ್ಟಿಗಿಂತ ಹೆಚ್ಚು. ಕ್ಯಾನ್ಸರೇ ಅಪರೂಪದ್ದು, ಹೆದರಿ ಕೂರಬೇಕಾಗಿಲ್ಲ. ಆದರೆ ಬೀಜ ಚೀಲದಲ್ಲಿದ್ದರೆ ಗಂಟು ಬಂದಾಗ ಕೈಗೆ ಸಿಗುತ್ತದೆ, ಹೊಟ್ಟೆಯಲ್ಲಿದ್ದರೆ ಸಿಗುವುದಿಲ್ಲ. ಡಾಕ್ಟ್ರು ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ ಹುಡುಗನ ಜೊತೆ ಒಬ್ಬರೇ ಮಾತಾಡಿದರು. ಹೊರಗೆ ಬಂದಾಗ ಅವನು ತಲೆ ಎತ್ತಿ ನಡೆಯುತ್ತಿದ್ದ.

ಇಷ್ಟು ವರ್ಷ ಯಾರೂ ನೋಡಲಿಲ್ಲವೇ ಎಂದು ಕೇಳಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕೆಂಬ ನಿಯಮವಿದೆ. ಒಳ್ಳೆಯ ಯೋಜನೆ, ಹೃದಯದ ರಂಧ್ರ, ಸೀಳುತುಟಿಗಳ ಎಷ್ಟೋ ಮಕ್ಕಳಿಗೆ ದಾರಿ ತೋರಿಸಿದೆ. ಆದರೆ ಅದು ಆರಂಭದಲ್ಲೇ ಹೆಸರಿಸಿದ ಒಂಬತ್ತು ಹುಟ್ಟುದೋಷಗಳ ಪಟ್ಟಿಯಲ್ಲಿ ಇಳಿಯದ ಬೀಜವಿಲ್ಲ. ಚಡ್ಡಿ ಬಿಚ್ಚಿಸದೆ ಮುಗಿಯುವ ತಪಾಸಣೆಯಲ್ಲಿ ಇದು ಸಿಗುವುದೂ ಇಲ್ಲ.

ಮಾಗಡಿಗೆ ಹೋಗುವ ದಾರಿಯಲ್ಲಿ ಸಾವನದುರ್ಗ ಎದುರಾದಾಗ ಕಾರು ನಿಲ್ಲಿಸದೆ ಇರುವುದು ಸಾಧ್ಯವಿರಲಿಲ್ಲ. 1226 ಮೀಟರ್ ಎತ್ತರಕ್ಕೆ ಎದ್ದು ನಿಂತ ಬಂಡೆ, ಮಳೆನೀರು ಹರಿದ ಕಪ್ಪು ಪಟ್ಟೆಗಳು, ಬುಡದಲ್ಲಿ ಕುರಿ ಮೇಯಿಸುವವರು ಚುಕ್ಕಿಗಳಂತೆ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಮನೆತನದ ಸೀಮೆ ಇದು. ಕೆಂಪಾಪುರದಲ್ಲಿ ಅವರ ಸಮಾಧಿ ಗುರುತಾದದ್ದು 2015ರಲ್ಲಿ.

ಮಾಗಡಿಯಲ್ಲಿ ನಮಗಾಗಿ ಕಾದಿದ್ದದ್ದು ಹತ್ತು ತಿಂಗಳ ಗಂಡುಕೂಸು ಮತ್ತು ಅದರ ಅಜ್ಜಿ. ದೋಷ ಕಂಡುಹಿಡಿದದ್ದು ಯಾವ ವೈದ್ಯರೂ ಅಲ್ಲ, ಈ ಅಜ್ಜಿ. ನೀರೆರೆಯುವಾಗ. “ಎಡಗಡೆ ಚೀಲ ಚಪ್ಪಟೆ ಐತೆ ಅಂತ ಬಾಣಂತನದಲ್ಲೇ ಯೋಳ್ದೆ, ಯಾರೂ ಕಿವೀಗ್ ಹಾಕ್ಕಳ್ಳಿಲ್ಲ,” ಎಂದು ಆಕೆ ಮಗನ ಕಡೆ ಕೆಂಗಣ್ಣು ಬಿಟ್ಟರು. ಡಾಕ್ಟ್ರು ಆ ಅಜ್ಜಿಯ ಕೈ ಹಿಡಿದುಕೊಂಡರು. ಬಿಸಿನೀರಿನ ಹಬೆ ತುಂಬಿದ ಬಚ್ಚಲು, ಚಾಚಿದ ಕಾಲುಗಳ ಮೇಲೆ ಮೈ ಚೆಲ್ಲಿದ ಮಗು, ಎಣ್ಣೆ ಹಚ್ಚಿದ ಬೆಚ್ಚನೆ ಅಂಗೈ: ಬೀಜ ಇಳಿದಿದೆಯೇ ಎಂದು ನೋಡಲು ವೈದ್ಯಕೀಯ ಪುಸ್ತಕಗಳು ಹೇಳುವ ಎಲ್ಲವೂ ಅಲ್ಲಿ ಇರುತ್ತದೆ. ಆಸ್ಪತ್ರೆಯಲ್ಲಿ ನಾವು ಕಷ್ಟಪಟ್ಟು ಒದಗಿಸಿಕೊಳ್ಳುವುದನ್ನು ಬಾಣಂತಿ ಮನೆಯ ಅಜ್ಜಿ ದಿನಾ ಮಾಡುತ್ತಾಳೆ ಎಂದರು.

ಎಡಬೀಜ ಡಾಕ್ಟ್ರ ಬೆರಳಿಗೂ ಸಿಗಲಿಲ್ಲ. ಇಳಿಯದ ಬೀಜಗಳಲ್ಲಿ ನೂರಕ್ಕೆ ಎಪ್ಪತ್ತರಿಂದ ಎಂಬತ್ತು ತೊಡೆಸಂದಿನಲ್ಲೇ ಎಲ್ಲೋ ಕೈಗೆ ಸಿಗುತ್ತವೆ. ಅವಕ್ಕೆ ತೊಡೆಸಂದಿನಲ್ಲಿ ಸಣ್ಣ ಗಾಯ ಮಾಡಿ ಇಳಿಸುವ ಹಳೆಯ ಶಸ್ತ್ರಚಿಕಿತ್ಸೆಯೇ ಸಾಕು. 1877ರಲ್ಲಿ ಎಡಿನ್‌ಬರೋದ ಥಾಮಸ್ ಅನ್ನಂಡೇಲ್, 1899ರಲ್ಲಿ ಶಿಕಾಗೋದ ಆರ್ಥರ್ ಡೀನ್ ಬೆವನ್ ಹಾಕಿಕೊಟ್ಟ ದಾರಿ ಅದು. ಕೈಗೇ ಸಿಗದ ಉಳಿದವುಗಳದ್ದೇ ಒಗಟು. ಹೊಟ್ಟೆಯೊಳಗೆ ಇರಬಹುದು, ಕಾಲುವೆಯಲ್ಲಿ ಅಡಗಿರಬಹುದು, ಹುಟ್ಟುವ ಮೊದಲೇ ತಿರುಚಿಕೊಂಡು ನೆತ್ತರಿಲ್ಲದೆ ಕರಗಿಯೂ ಹೋಗಿರಬಹುದು. ಹಿಂದೆ ಅದನ್ನು ತಿಳಿಯಲು ತೊಡೆಸಂದು ಕೊಯ್ದು, ಸಿಗದಿದ್ದರೆ ಹೊಟ್ಟೆಯನ್ನೂ ಕೊಯ್ದು ಹುಡುಕುತ್ತಿದ್ದರು. ಇಟಲಿಯ ಕೊರ್ಟೇಸಿ ಮತ್ತು ಸಂಗಡಿಗರು 1976ರಲ್ಲಿ ಲ್ಯಾಪ್ರೋಸ್ಕೋಪು ತೂರಿಸಿ ನೋಡಿದ ಮೇಲೆ ಆ ಕುರುಡು ಹುಡುಕಾಟ ಮುಗಿಯುತ್ತಾ ಬಂತು.

ಕೂಸಿನ ಆಪರೇಷನ್ ಮೈಸೂರು ರಸ್ತೆಯ ಒಂದು ಆಸ್ಪತ್ರೆಯಲ್ಲಿ. ಹೆತ್ತವರ ಒಪ್ಪಿಗೆ ಪಡೆದು ನಾನೂ ಹಸಿರು ಅಂಗಿ ತೊಟ್ಟು ಮೂಲೆಯಲ್ಲಿ ನಿಂತೆ. ಮಗು ನಿದ್ದೆ ಹೋದ ಮೇಲೆ ಡಾಕ್ಟ್ರು ಮತ್ತೊಮ್ಮೆ ಮುಟ್ಟಿ ನೋಡಿದರು. ಎಚ್ಚರವಿದ್ದಾಗ ಸಿಗದ ಬೀಜ ಅರಿವಳಿಕೆಯಲ್ಲಿ ಮೈ ಸಡಿಲಾದಾಗ ಸಿಕ್ಕಿಬಿಡುವುದುಂಟು. ಇಲ್ಲಿ ಸಿಗಲಿಲ್ಲ. ಹೊಕ್ಕುಳಿನ ಮಡಿಕೆಯಲ್ಲೇ ಅರ್ಧ ಸೆಂಟಿಮೀಟರಿನ ಗಾಯ. ಅದರ ಮೂಲಕ ಇಂಗಾಲದ ಡೈ ಆಕ್ಸೈಡ್ ಹನಿಹನಿಯಾಗಿ ಒಳಗೆ. ದೊಡ್ಡವರಿಗೆ ಹೋಲಿಸಿದರೆ ಕೂಸಿಗೆ ಒತ್ತಡ ತೀರಾ ಕಡಿಮೆ, ಎಂಟು ಹತ್ತು ಮಿಲಿಮೀಟರ್ ಪಾದರಸದಷ್ಟು. ಹೊಟ್ಟೆ ಮೆಲ್ಲಗೆ ಉಬ್ಬಿತು. 1901ರಲ್ಲಿ ಡ್ರೆಸ್ಡೆನ್‌ನ ಗಿಯೋರ್ಗ್ ಕೆಲ್ಲಿಂಗ್ ನಾಯಿಯೊಂದರ ಹೊಟ್ಟೆಗೆ ಗಾಳಿ ತುಂಬಿ ಒಳಗಿಣುಕಿದ್ದನ್ನೇ ಇವರು ಈಗ ಹತ್ತು ತಿಂಗಳ ಮಗುವಿಗೆ ಇಷ್ಟು ನಯವಾಗಿ ಮಾಡುತ್ತಿದ್ದರು. ಐದು ಮಿಲಿಮೀಟರ್ ದಪ್ಪದ ದುರ್ಬೀನು ಒಳಹೊಕ್ಕಿತು. ಅದರೊಳಗೆ ಸಾಲಾಗಿ ಕೂತ ಗಾಜಿನ ಕಡ್ಡಿಗಳು ಇಂಗ್ಲೆಂಡಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್‌ನ ಕಲ್ಪನೆ. ಕೋಣೆಯ ದೀಪ ಆರಿಸಿದರು.

ಕಣ್ಣು ಪರದೆಗೆ ಹೋಗುವ ಮೊದಲು ಮಗುವಿನ ಹೊಟ್ಟೆಯ ಮೇಲೆ ನಿಂತಿತು. ಒಳಗಿನ ಬೆಳಕು ಆ ತೆಳ್ಳನೆ ಚರ್ಮವನ್ನು ತೂರಿ ಇಡೀ ಹೊಟ್ಟೆ ಕೆಂಪಗೆ ಹೊಳೆಯುತ್ತಿತ್ತು. ಮೇಲೆ ಸಣ್ಣ ಸಣ್ಣ ರಕ್ತನಾಳಗಳ ಕವಲು. ದುರ್ಬೀನು ಅತ್ತಿತ್ತ ಸರಿದಂತೆ ಆ ಬೆಳಕೂ ಚರ್ಮದ ಕೆಳಗೆ ಓಡಾಡುತ್ತಿತ್ತು. ನಾನು ಉಸಿರು ಬಿಗಿಹಿಡಿದಿದ್ದೆ ಎಂದು ಗೊತ್ತಾದದ್ದು ನರ್ಸಮ್ಮ “ಸರ್, ಕೂತ್ಕೊಳ್ಳಿ” ಎಂದಾಗ.

ಪರದೆಯ ಮೇಲೆ ಇನ್ನೊಂದು ಲೋಕ. ಒದ್ದೆಯಾಗಿ ಮಿನುಗುವ ಕರುಳು, ಖಾಲಿಯಾಗಿ ಮುದುರಿದ ಮೂತ್ರಕೋಶ, ಅದರ ಎರಡೂ ಬದಿಗೆ ಹೊಕ್ಕುಳಿನತ್ತ ಏರುವ ಎರಡು ಮಡಿಕೆಗಳು. ತಾಯಿಯ ಗರ್ಭದಲ್ಲಿದ್ದಾಗ ಹೊಕ್ಕುಳಬಳ್ಳಿಗೆ ನೆತ್ತರು ಒಯ್ದ ಧಮನಿಗಳು ಕೆಲಸ ಮುಗಿಸಿ ನಾರಾಗಿದ್ದವು. “ಮೊದಲು ಸರಿಯಿರೋ ಕಡೆ ನೋಡಿ,” ಎಂದರು ಡಾಕ್ಟ್ರು. ಬಲಗಡೆ, ಮೇಲಿನಿಂದ ಇಳಿದ ನೀಲಿಗೆಂಪು ರಕ್ತನಾಳಗಳೂ ಕೆಳಗಿನಿಂದ ಬಾಗಿ ಬಂದ ಬಿಳಿಯ ವೀರ್ಯನಾಳವೂ ಒಂದೆಡೆ ಸೇರಿ, ಮುಚ್ಚಿದ ಒಳಬಾಗಿಲಲ್ಲಿ ಮರೆಯಾಗಿದ್ದವು. ಅಲ್ಲಿ ಪಯಣ ಮುಗಿದಿದೆ.

ಎಡಗಡೆ ರಕ್ತನಾಳಗಳು ಬಾಗಿಲಿಗೆ ಬರುವ ಮೊದಲೇ ಮೊಂಡಾಗಿ ಮುಗಿದಿದ್ದರೆ ಬೀಜ ಎಂದೋ ಕರಗಿಹೋಗಿದೆ ಎಂದು ಅರ್ಥ, ದುರ್ಬೀನು ಹೊರಗೆ ತೆಗೆದು ಹೊಲಿಗೆ ಹಾಕುವುದಷ್ಟೇ ಕೆಲಸ. ಒಳಬಾಗಿಲು ದಾಟಿ ಹೋಗಿದ್ದರೆ ತೊಡೆಸಂದಿನಲ್ಲಿ ಹುಡುಕಬೇಕು. ದುರ್ಬೀನು ತಿರುಗಿತು. ಬಾಗಿಲು ತೆರೆದಿತ್ತು. ಅದರ ಹೊಸ್ತಿಲ ಒಳಗೇ, ತಿಳಿಗುಲಾಬಿ ಬಣ್ಣದ್ದು, ಹಿದುಕಿದ ಮಾಗಡಿ ಅವರೆಕಾಳಿನಷ್ಟು. ನಾಲ್ಕನೇ ತಿಂಗಳ ಗರ್ಭದಲ್ಲಿ ಬಂದು ನಿಂತ ಜಾಗದಲ್ಲೇ, ಇವತ್ತಿನವರೆಗೂ.

ಪಕ್ಕಗಳಲ್ಲಿ ಇನ್ನೆರಡು ಚಿಕ್ಕ ರಂಧ್ರ, ಮೂರು ಮಿಲಿಮೀಟರಿನ ಇಕ್ಕಳ, ಕತ್ತರಿ. ಡಾಕ್ಟ್ರು ಬೀಜವನ್ನು ಮೆಲ್ಲಗೆ ಹಿಡಿದು ಹೊಟ್ಟೆಯ ಆಚೆ ಬದಿಯ ಬಾಗಿಲಿನತ್ತ ಎಳೆದು ನೋಡಿದರು. ಅಲ್ಲಿಗೆ ಮುಟ್ಟಿದರೆ ಕೆಳಗೆ ಚೀಲಕ್ಕೂ ಮುಟ್ಟುತ್ತದೆ. ಮುಟ್ಟಿತು. ಮುಟ್ಟದಿದ್ದರೆ? ಮೆಲ್ಬರ್ನಿನ ಫೌಲರ್ ಮತ್ತು ಸ್ಟೀಫನ್ಸ್ 1959ರಲ್ಲಿ ತೋರಿಸಿಕೊಟ್ಟ ಉಪಾಯವಿದೆ. ಕುತ್ತಿಗೆ ಹಿಡಿದಿರುವುದು ಮಹಾಧಮನಿಯಿಂದ ಬಂದ ಆ ಗಿಡ್ಡ ರಕ್ತನಾಳ ತಾನೇ, ಅದನ್ನೇ ಕತ್ತರಿಸುವುದು. ವೀರ್ಯನಾಳದ ಜೊತೆ ಬರುವ ಸಣ್ಣ ಧಮನಿ ಬೀಜವನ್ನು ಸಾಕುತ್ತದೆ. ಈಗ ಅದನ್ನು ಎರಡು ಸಲಕ್ಕೆ ಮಾಡುತ್ತಾರೆ. ಮೊದಲು ಕ್ಲಿಪ್ ಹಾಕಿ ಆರು ತಿಂಗಳು ಬಿಟ್ಟು, ಸಣ್ಣ ಧಮನಿ ಬಲಿತ ಮೇಲೆ ಇಳಿಸುತ್ತಾರೆ. ಆಗಲೂ ಹತ್ತರಲ್ಲಿ ಎಂಟರಷ್ಟು ಬೀಜ ಬದುಕುತ್ತದೆ. ರಕ್ತನಾಳ ಕತ್ತರಿಸದೆ ಇಳಿಸಿದಾಗ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು.

ಒಳಪದರ ಬಿಡಿಸುವಾಗ ವೀರ್ಯನಾಳಕ್ಕೂ ರಕ್ತನಾಳಕ್ಕೂ ನಡುವಿನ ತ್ರಿಕೋನದ ಪರೆಯನ್ನು ಅವರು ಮುಟ್ಟಲೇ ಇಲ್ಲ. ಅಗತ್ಯ ಬಿದ್ದರೆ ಬೀಜವನ್ನು ಬದುಕಿಸುವ ನೆತ್ತರು ಅದರೊಳಗೇ ಇದೆ. ಆಮೇಲೆ ಚೀಲದ ಚರ್ಮದಲ್ಲಿ ಪುಟ್ಟ ಜೇಬು ಮಾಡಿ, ಅಲ್ಲಿಂದ ಮೇಲಕ್ಕೆ ಹತ್ತಿರದ ಹೊಸ ದಾರಿ ಕೊರೆದು ಇಕ್ಕಳ ತೂರಿಸಿದರು. ಪರದೆಯ ಮೇಲೆ ಇಕ್ಕಳದ ಬಾಯಿ ತೆರೆದು, ಬೀಜದ ತುದಿಯ ನಾರು ಕಚ್ಚಿ, ಹಿಂದೆ ಸರಿಯಿತು. ಬೀಜ ಪರದೆಯಿಂದ ಮರೆಯಾಯಿತು. ಮರುಗಳಿಗೆಯಲ್ಲಿ ಅದು ಹೊರಗೆ, ನಮ್ಮ ಎದುರಿನ ಬೆಳಕಿನಲ್ಲಿತ್ತು! ಜೇಬಿನಲ್ಲಿ ಕೂರಿಸಿ ತಾನೇ ಕರಗುವ ದಾರದಿಂದ ಹೊಲಿದರು. ರೇಷ್ಮೆಯಲ್ಲವೇ ಎಂದು ರಾಮನಗರದ ನೆನಪಲ್ಲಿ ಕೇಳಿದೆ. ರೇಷ್ಮೆ ದಾರ ಆಪರೇಷನ್ನಿನಲ್ಲಿ ಇವತ್ತಿಗೂ ಇದೆ, ಆದರೆ ಅದು ಬೇಗ ಕರಗುವುದಿಲ್ಲ, ಮಕ್ಕಳ ಹೊಲಿಗೆ ಬಿಚ್ಚುವ ಫಜೀತಿ ಯಾರಿಗೆ ಬೇಕು ಎಂದರು.

ಮಾರನೆಯ ದಿನ ಹೋದಾಗ ಕೂಸು ಹಾಸಿಗೆಯ ಮೇಲೆ ಅಂಬೆಗಾಲಿಡುತ್ತಾ ಚನ್ನಪಟ್ಟಣದ ಗಿಲಕಿ ಬಡಿಯುತ್ತಿತ್ತು. ಅಜ್ಜಿ ಗಾಯ ನೋಡಿ, “ಹೊಕ್ಕಳದಾಗೇ ಮುಚ್ಚೋಗದೆ!” ಎಂದು ಬೆರಗಾದರು. ಎರಡು ವಾರವಾದ ಮೇಲೆ ಒಮ್ಮೆ, ಆರು ತಿಂಗಳಾದ ಮೇಲೆ ಮತ್ತೊಮ್ಮೆ ತೋರಿಸಬೇಕು. ದೊಡ್ಡವನಾದ ಮೇಲೆ ತಾನೇ ಮುಟ್ಟಿ ನೋಡಿಕೊಳ್ಳಲು ಕಲಿಸಬೇಕು. ಡಾಕ್ಟ್ರು ಇದನ್ನೆಲ್ಲ ತಂದೆಗೆ ಹೇಳದೆ ಅಜ್ಜಿಗೇ ಹೇಳಿದರು.

ಓದುವವರ ಮನೆಯಲ್ಲಿ ಗಂಡುಕೂಸು ಇದ್ದರೆ ಒಂದು ಮಾತು. ಬಚ್ಚಲಲ್ಲಿ ನೀರೆರೆಯುವವರಿಗೆ ಹೇಳಿ, ಎಣ್ಣೆಗೈಯಲ್ಲಿ ಒಮ್ಮೆ ಎರಡೂ ಬದಿ ನೋಡಲಿ. ಆರು ತಿಂಗಳು ತುಂಬಿದ ಮೇಲೂ ಒಂದು ಬದಿ ಖಾಲಿ ಎನಿಸಿದರೆ ಸ್ಕ್ಯಾನಿಗೆ ಓಡಬೇಡಿ, ಒಂಬತ್ತು ತಿಂಗಳ ದಡಾರ ಲಸಿಕೆಯ ದಿನಕ್ಕೂ ಕಾಯಬೇಡಿ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆ ಮಕ್ಕಳ ಶಸ್ತ್ರವೈದ್ಯರಿದ್ದಾರೆ, ಅವರಿಗೆ ತೋರಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡು, ಬಿಪಿಎಲ್ ಪಡಿತರ ಚೀಟಿ ಇದ್ದರೆ ಜೊತೆಗೆ ಒಯ್ದು ವಿಚಾರಿಸಿ. ಹೊರಡುವಾಗ ಅಜ್ಜಿಯನ್ನೂ ಕರೆದುಕೊಂಡು ಹೋಗಿ.